ಕೇಳದೆ ಬರೆದ ಶಿಫಾರಸು

“ಎಲ್ಲಿ, ಕೈ ಕೊಡಿ ನೋಡೋಣ!”

ಅರ್ಜಿ ಕೊಡಲು ಬಂದವಳು ಬೆಚ್ಚಿದಳು. ಮೇಜಿನಾಚೆ ಕೂತವನ ಮೊಣಕೈವರೆಗೂ ಪ್ಲಾಸ್ಟರಿನ ಬಿಳಿ ಪುಡಿ.

“ಯಾಕೆ? ನೀವೇನು ಕೈ ನೋಡಿ ಭವಿಷ್ಯ ಹೇಳೋರಾ?”

“ಭವಿಷ್ಯ ಇರೋ ಕೆಲಸ ಬೇಕು ಅಂತ ಅರ್ಜೀಲಿ ಬರೆದಿರೋದು ನೀವೇ ಅಲ್ವಾ?”

ಅವಳ ಮುಖ ಕೆಂಪೇರಿತು. ಅವನು ಮಾತ್ರ ಗಂಭೀರವಾಗಿ ಕಾಲು ತೂರಿಸುವ ಎರಡು ಟೊಳ್ಳು ಅಚ್ಚುಗಳನ್ನು ಅವಳ ಮುಂದಿಟ್ಟ. “ಕಣ್ಣು ಮುಚ್ಚಿ, ಒಳಗೆ ಬೆರಳಾಡಿಸಿ. ಯಾವುದರಲ್ಲಿ ತಪ್ಪಿದೆ?”

‘ಎಂಥಾ ವಿಚಿತ್ರ ಮನುಷ್ಯ!’ ಬೈದುಕೊಳ್ಳುತ್ತಲೇ ಕಣ್ಣು ಮುಚ್ಚಿದಳು.

“ಬಲಗಡೆಯದು... ಒಂದು ಕಡೆ ಚೂರೇ ಚೂರು ಉಬ್ಬಿದೆ.”

“ಆ ಚೂರೇ ನಡೆಯೋರ ಚರ್ಮ ಸುಲಿಯೋದು,” ಅವನ ದನಿ ಮೆತ್ತಗಾಯಿತು. “ನಾಳೆಯಿಂದ ಬನ್ನಿ.”

ಕೃತಕ ಕಾಲು, ಕೈ ಮಾಡುವುದನ್ನು ಕಲಿಸುವ ಕಾರ್ಯಾಗಾರ ಅದು. ಅವನು ಅಲ್ಲಿಯ ಮೇಷ್ಟ್ರು, ಅವಳಿಗಿಂತ ಮೂರ್ನಾಲ್ಕು ವರ್ಷಕ್ಕಷ್ಟೇ ದೊಡ್ಡವನು. ಅವಳು ವಕೀಲರ ಕಚೇರಿಯಲ್ಲಿ ಆರು ವರ್ಷ ಟೈಪಿಸ್ಟ್ ಆಗಿದ್ದವಳು. ಹೇಳಿದ್ದನ್ನು ತಾನೇ ಬರೆದುಕೊಳ್ಳುವ ಮಿಷನ್ ಬಂತು, ಒಂದೇ ದಿನದಲ್ಲಿ ಕೆಲಸ ಹೋಯಿತು.

ಮೂರು ದಿನ ಹಾಸಿಗೆ ಬಿಟ್ಟು ಏಳದವಳನ್ನು ಅಕ್ಕನೇ ಎಬ್ಬಿಸಿ ಕೂರಿಸಿದ್ದಳು. “ಮುಂದಕ್ಕೂ ನಿಲ್ಲೋ ಕೆಲಸ ಹಿಡಿ ಕಣೇ. ಸಕ್ಕರೆ ಕಾಯಿಲೆ, ಅಪಘಾತ... ಕಾಲು ಕಳ್ಕೊಳ್ಳೋರು ದಿನಾ ಹೆಚ್ತಿದ್ದಾರೆ. ಮಾಡಿಕೊಡೋರು ಎಲ್ಲಿದ್ದಾರೆ ಹೇಳು?” ಅಂದವಳೇ ನಾಲಿಗೆ ಕಚ್ಚಿಕೊಂಡಿದ್ದಳು. “ಛೀ, ಎಂಥಾ ಮಾತಾಡಿಬಿಟ್ಟೆ!”

ಹೀಗೆ ಲೆಕ್ಕ ಹಾಕಿ ಬಂದವಳು ಆ ಕೆಲಸಕ್ಕೆ ಮನಸಾರೆ ಸೋತದ್ದು ನಾಲ್ಕನೇ ತಿಂಗಳಲ್ಲಿ.

ಬೇಕರಿಯ ಅಮ್ಮ ಒಬ್ಬರು, ಇವಳೇ ಉಜ್ಜಿ ನಯ ಮಾಡಿದ ಕಾಲು ತೊಟ್ಟು, ಆಸರೆಗೆ ಹಿಡಿದಿದ್ದ ಕಂಬಿ ಬಿಟ್ಟು ಎರಡು ಹೆಜ್ಜೆ ಇಟ್ಟರು. “ಅಯ್ಯೋ, ಬೀಳಲಿಲ್ಲ ಕಣಮ್ಮ! ನಿಂತಿದ್ದೀನಿ ನೋಡು!”

ಅವಳು ಉಗ್ರಾಣಕ್ಕೆ ಓಡಿ ಬಿಕ್ಕಿ ಬಿಕ್ಕಿ ಅತ್ತಳು. ಮೇಷ್ಟ್ರು ಬಂದ, ಒಂದು ಲೋಟ ನೀರು ಪಕ್ಕದಲ್ಲಿಟ್ಟ, ಏನೂ ಕೇಳದೆ ಬಾಗಿಲು ಮುಂದೆ ಮಾಡಿಕೊಂಡು ಹೋದ.

ಅವತ್ತಿನಿಂದ ಅವನ ಹೆಜ್ಜೆ ಸಪ್ಪಳಕ್ಕೇ ಅವಳೆದೆ ಹೊಡೆದುಕೊಳ್ಳತೊಡಗಿತು...

ಆದರೆ ಪರೀಕ್ಷೆಯ ವಾರ, ಪ್ರಿನ್ಸಿಪಾಲರ ಕೋಣೆಯಿಂದ ತನ್ನ ಹೆಸರು, ಹಿಂದೆಯೇ ಅವನ ದನಿ ಕೇಳಿಸಿತು. “ಅವಳನ್ನ ಇಲ್ಲಿ ಇಟ್ಕೋಬೇಡಿ ಸಾರ್. ದಯವಿಟ್ಟು ಬೇರೆ ಕಡೆ ಕಳಿಸಿ.”

ಅವಳು ಬಾಗಿಲಿನಿಂದ ಹಿಂದೆ ಸರಿದಳು. ‘ಅಷ್ಟೊಂದು ಬೇಡವಾದೆನಾ ನಾನು?’

ಅವತ್ತಿನಿಂದ ಅವನೊಡನೆ ಮಾತು ಬಿಟ್ಟಳು. ವಾರದೊಳಗೆ ಬೇರೊಂದು ಊರಿನ ದೊಡ್ಡ ಆಸ್ಪತ್ರೆಯಿಂದ ಕೆಲಸಕ್ಕೆ ಕರೆ ಬಂದಾಗಲೂ ಅವನಿಗೆ ಹೇಳಲಿಲ್ಲ.

“ಯಾಕೆ, ಮಾತೇ ಇಲ್ಲ?” ಅವನೇ ಕೇಳಿದ.

“ಮಾತಾಡೋಕೆ ನಾನಿಲ್ಲಿ ಇರಬೇಕಲ್ಲ!”

ಅವನು ಅರ ಎತ್ತಿಕೊಂಡು ಆಚೆ ಮೇಜಿಗೆ ಹೊರಟುಹೋದ.

ಪ್ರಮಾಣಪತ್ರ ಕೊಡುವ ದಿನ ಪ್ರಿನ್ಸಿಪಾಲರು ನಗುತ್ತಾ ಅಂದರು: “ನಿಮ್ಮನ್ನ ಇಲ್ಲೇ ಸಹಾಯಕಿ ಮಾಡ್ಕೋಬೇಕು ಅಂತಿದ್ದೆ ಕಣಮ್ಮ. ಮೇಷ್ಟ್ರು ಬಿಡಬೇಕಲ್ಲ! ಇಲ್ಲಿ ಸೇರಿದ್ರೆ ಕೊನೆವರೆಗೂ ಸಹಾಯಕಿನೇ, ಆ ದೊಡ್ಡ ಆಸ್ಪತ್ರೇಲಿ ಕೃತಕ ಕೈ ಮಾಡೋ ಹೊಸ ವಿಭಾಗ ಶುರುವಾಗ್ತಿದೆ, ಬೆಳೀತಾಳೆ ಅಂತ ಹಟ ಹಿಡಿದು ಮೂರು ಪುಟ ಶಿಫಾರಸು ಬರೆದ್ರು.”

ಉಳಿದ ಮಾತು ಅವಳ ಕಿವಿಗೆ ಬೀಳಲಿಲ್ಲ. ಕಾರ್ಯಾಗಾರಕ್ಕೆ ಓಡಿದಳು. ಅವನೊಬ್ಬನೇ ಅರ ಹಿಡಿದು ಕೃತಕ ಕಾಲೊಂದರ ಅಂಚು ಉಜ್ಜುತ್ತಿದ್ದ.

“ನನ್ನನ್ನ ಯಾಕೆ ಒಂದು ಮಾತು ಕೇಳಲಿಲ್ಲ?”

ಅರ ನಿಂತಿತು. “ಕೇಳಿದ್ರೆ... ಇಲ್ಲೇ ಇರ್ತೀನಿ ಅಂದುಬಿಡ್ತೀರೇನೋ ಅಂತ ಭಯ ಆಯ್ತು.”

“ಇರ್ತೀನಿ ಅಂದ್ರೆ ಭಯ ಯಾಕೆ?”

“ಆಮೇಲೆ ಕಳಿಸೋ ಶಕ್ತಿ ನನಗೆ ಇರ್ತಿರಲಿಲ್ಲ.”

ಅವಳ ಕಣ್ಣು ತುಂಬಿತು. ಆದರೆ ಸಿಟ್ಟು ಇಳಿಯಲಿಲ್ಲ. “ಆ ಮಿಷನ್ನೂ ನನ್ನ ಕೇಳದೆ ನನ್ನ ಬದುಕು ತೀರ್ಮಾನ ಮಾಡ್ತು. ನೀವೂ ಅದನ್ನೇ ಮಾಡಿದ್ರಿ!”

ಅವನು ಸಬೂಬು ಹೇಳಲಿಲ್ಲ. ತಲೆ ತಗ್ಗಿಸಿದ. “ನಿಜ... ತಪ್ಪಾಯ್ತು.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಆ ಕೆಲಸಕ್ಕೆ ಹೋಗ್ತೀನಿ,” ಎಂದಳು ಕೊನೆಗೆ. “ನೀವು ಕಳಿಸಿದ್ರಿ ಅಂತ ಅಲ್ಲ. ನನಗೆ ಬೇಕು ಅಂತ. ಇನ್ನು ಮಿಕ್ಕಿದ್ದನ್ನಾದ್ರೂ... ಕೇಳಿ ತೀರ್ಮಾನ ಮಾಡಿ.”

“ಏನು ಕೇಳಲಿ?”

“ಅದನ್ನೂ ನಾನೇ ಹೇಳಿಕೊಡಬೇಕಾ ಮೇಷ್ಟ್ರೇ?”

ಅವನ ಕಿವಿ ಕೆಂಪಗಾಯಿತು. “ರೈಲಲ್ಲಿ ನಾಲ್ಕು ಗಂಟೆ ದಾರಿ... ಪ್ರತಿ ಭಾನುವಾರ ಬರಲಾ?”

“ಭಾನುವಾರ ಮಾತ್ರಾನಾ?”

“ಇಷ್ಟಪಟ್ಟುಬಿಟ್ಟಿದ್ದೀನಿ. ಜೀವನಪೂರ್ತಿ ಬರ್ತೀನಿ ಅಂದ್ರೆ... ಒಪ್ತೀರಾ?”

ಅವಳು ಅಳುತ್ತಲೇ ನಕ್ಕಳು. “ಮೊದಲು ನಮ್ಮ ಅಕ್ಕನ ಹತ್ರ ಮಾತಾಡೋಕೆ ಬಾ.”

“ಬಾ... ಅಂದ್ಯಾ?”

“ಹೂಂ,” ಅವಳ ದನಿ ಪಿಸುಮಾತಾಯಿತು. “ಬಾ.”