ಹಿತ್ತಾಳೆಯ ಅಂಗುಸ್ತಾನ

"ಅದಕ್ಕೆ ಮಾತ್ರ ಬೆರಳು ಹಾಕ್ಬೇಡಿ ಮೇಡಂ," ಎಂದಳು ಉಗ್ರಾಣದ ಅಕ್ಕ. ವಸ್ತುಸಂಗ್ರಹಾಲಯದ ನೆಲಮಾಳಿಗೆಯನ್ನು ನೋಡಿಕೊಳ್ಳುವವಳು ಅವಳೇ. "ಬಾಯಿ ಕಟ್ಟೋ ಮಾಟದವಳದು. ಆಗದವರ ಹೆಸರಲ್ಲಿ ಬಟ್ಟೆಗೊಂಬೆ ಮಾಡಿ ಅದರ ಬಾಯಿ ಹೊಲಿಯೋಳಂತೆ. ಆಮೇಲೆ ಆ ಮನುಷ್ಯರು ಮಾತೇ ಆಡ್ತಿರಲಿಲ್ಲ."

ಹೊಸದಾಗಿ ಬಂದ ಸಂಶೋಧಕಿ ನಕ್ಕುಬಿಟ್ಟಳು. "ಹಾಗಾದ್ರೆ ನಮ್ಮ ನಿರ್ದೇಶಕರಿಗೂ ಒಂದು ಹೊಲಿಗೆ ಹಾಕಿಸೋಣ ಅಕ್ಕಾ."

ಸೂಜಿ ಚುಚ್ಚದಂತೆ ಬೆರಳಿಗೆ ತೊಡುವ ಆ ಪುಟ್ಟ ಅಂಗುಸ್ತಾನವನ್ನು ಅಕ್ಕ ಮೇಜಿನ ಆಚೆಗೆ ಸರಿಸಿದಳು.

ಹಿಂದಿನ ಕಾಲದ ಹೊಲಿಗೆ ಹೆಂಗಸರ ಬಗ್ಗೆ ಯಾರೂ ಒಂದು ಸಾಲು ಬರೆದಿಟ್ಟಿರಲಿಲ್ಲ. ಅವರ ಕತ್ತರಿ, ಸೂಜಿಗಳ ಸವಕಳಿಯನ್ನೇ ಓದಿ ಚರಿತ್ರೆ ಕಟ್ಟಬೇಕು. ಓದಿದರಷ್ಟೇ ಸಾಲದು, ಬಳಸಿಯೂ ನೋಡಬೇಕೆಂಬುದು ಸಂಶೋಧಕಿಯ ಹಟ. ಅಂಗುಸ್ತಾನದೊಳಗೆ ಟಾರ್ಚಿನ ಬೆಳಕು ಬಿಟ್ಟು ಇಣುಕಿದಳು. ತಳದಲ್ಲಿ ಹಳದಿಗಟ್ಟಿದ ಪದರ, ಹಳೇ ಕೊಬ್ಬಿನ ಕಮಟು. ದಾರಕ್ಕೆ ಸವರುವ ಮೇಣವಿರಬೇಕು. ಚೀಟಿಯಲ್ಲಿ 'ಮೇಣ' ಎಂದು ಬರೆದು, ನಡುಬೆರಳನ್ನು ತೂರಿಸಿದಳು.

ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಎಳೆದರೆ ಹೊರಗೆ ಬರಲಿಲ್ಲ. ಸೋಪು ಹಚ್ಚಿದಳು, ಎಣ್ಣೆ ಬಿಟ್ಟಳು. ಅಕ್ಕನ ಮುಂದೆ ಹಲ್ಲು ಗಿಂಜಲು ಮನಸ್ಸಾಗದೆ, ಕೈಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದಳು.

ಮಗಳು ಗಿಣಿ ಅರಳು ಹುರಿದಂತೆ ಮಾತಾಡುವ ಹುಡುಗಿ. "ಅಮ್ಮಾ, ಬೆರಳಿಗ್ಯಾಕೆ ಟೋಪಿ? ನಂಗೂ ಕೊಡು! ಯಾಕಮ್ಮ ಇಷ್ಟು ವಾಸ್ನೆ? ಹೇಳಮ್ಮಾ!"

ತಾಯಿಗೆ ಮೊದಲೇ ತಲೆ ಸಿಡಿಯುತ್ತಿತ್ತು. "ಸುಮ್ನಿರ್ತೀಯೋ, ಬಾಯಿ ಹೊಲಿದುಬಿಡ್ಲೋ?"

ಅಂಗುಸ್ತಾನ ಬೆಚ್ಚಗಾಯಿತು.

ಗಿಣಿ ಮುನಿಸಿಕೊಂಡು ಸೋಫಾದ ಮೇಲೆಯೇ ನಿದ್ದೆಹೋದಳು. ಮುಸ್ಸಂಜೆ ಕೋಣೆಯೊಳಕ್ಕೆ ಇಳಿಯಿತು. ದೀಪ ಹಾಕಲೆಂದು ಎತ್ತಿದ ಕೈ ಸೂಜಿಡಬ್ಬಿಯನ್ನು ತೆರೆಯಿತು. ಬೇಡ ಎಂದುಕೊಂಡಳು. ಕೈ ಕೇಳಲಿಲ್ಲ. ಕತ್ತಲಲ್ಲೇ ದಾರ ಪೋಣಿಸಿತು. ಕಮಟು ವಾಸನೆ ಮೂಗಿಗೆ ಅಡರಿತು. ಬಲಗೈಯನ್ನು ಎಡಗೈಯಿಂದ ಹಿಡಿದೆಳೆದಳು. ಆಗಲಿಲ್ಲ. ಸೂಜಿಯ ತಲೆಗೆ ಹಿತ್ತಾಳೆ ತಾಗಿತು. ಟಕ್. ಮಗುವಿನ ತುಟಿಯಲ್ಲಿ ರಕ್ತದ ಹನಿ. ಗಿಣಿ ಕಣ್ಣು ಬಿಟ್ಟಳು. ತಾಯಿಯ ಮುಖವನ್ನೇ ನೋಡಿದಳು.

ಕಾಲುಗಳು ಇನ್ನೂ ಅವಳ ಮಾತು ಕೇಳುತ್ತಿದ್ದವು. ಓಡಿದಳು. ಮನೆಯ ಹೊರಗಿನ ಕಬ್ಬಿಣದ ಬಾಗಿಲು. ಅದರ ಸಂದಿಗೆ ಅಂಗುಸ್ತಾನದ ಬೆರಳನ್ನಿಟ್ಟಳು. ಎಡಗೈಯಿಂದ ಬಾಗಿಲನ್ನು ಎಳೆದಳು. ಮತ್ತೆ ಎಳೆದಳು. ಅಂಗುಸ್ತಾನ ನೆಲಕ್ಕೆ ಬಿದ್ದು ಉರುಳಿತು. ಬೆರಳ ತುದಿ ಅದರೊಳಗೇ ಇತ್ತು.

ಗಾಯ ಮಾಗಿದ ಮೇಲೆ ಅದನ್ನು ನೆಲಮಾಳಿಗೆಗೆ ಮರಳಿಸಲು ಹೋದಳು. ಅಂಗುಸ್ತಾನದೊಳಗೆ ಮತ್ತೆ ಟಾರ್ಚಿನ ಬೆಳಕು ಬಿಟ್ಟಳು. ತಳದ ಪದರ ದಪ್ಪವಾಗಿತ್ತು. ಮೇಲ್ಭಾಗ ಇನ್ನೂ ಹಳದಿಗಟ್ಟಿರಲಿಲ್ಲ. ತನಗಿಂತ ಮುಂಚೆ ಎಷ್ಟು ಹೆಂಗಸರ ಬೆರಳ ತುದಿಗಳೋ! ಚೀಟಿಯಲ್ಲಿ 'ಮೇಣ' ಎಂಬುದನ್ನು ಹೊಡೆದುಹಾಕಿದಳು. ಮುಂದೆ ಬರೆಯಲು ಅವಳಿಂದಾಗಲಿಲ್ಲ.

"ಮಗು ಉಳೀತಲ್ಲ ಮೇಡಂ," ಎಂದಳು ನಡೆದದ್ದನ್ನೆಲ್ಲ ಕೇಳಿದ್ದ ಅಕ್ಕ, ಸಮಾಧಾನಕ್ಕೆ.

ಮನೆಯ ಮೆಟ್ಟಿಲು ಹತ್ತುವಾಗಲೇ ಗಿಣಿಯ ದನಿ ಕೇಳಿಸಿತು. ಫೋನಿನಲ್ಲಿ ಅಜ್ಜಿಯೊಡನೆ ಹರಟುತ್ತಿದ್ದಳು, ನಗುತ್ತಿದ್ದಳು. ತಾಯಿ ಬಾಗಿಲಿಗೆ ಕೀಲಿ ಹಾಕಿ ತಿರುಗಿಸಿದಳು. ನಗು ನಿಂತಿತು.

ಒಳಗೆ ಗಿಣಿ ಎರಡೂ ಅಂಗೈಗಳಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.