ಕೊಕ್ಕರೆ ಗುರುವಿನ ನಡಿಗೆ

"ಇದನ್ನ ಬಿಡಿಸಿದ್ದು ಯಾರು?"

ಅನಿಮೇಟರ್ ಹುಡುಗಿ ಬೆಚ್ಚಿಬಿದ್ದಳು. ಬಾಗಿಲಲ್ಲಿ ಸದ್ದಿನ ಮಾಸ್ಟರ್ ನಿಂತಿದ್ದ. ಒಂದೇ ಕಟ್ಟಡದಲ್ಲಿ ಎರಡು ವರ್ಷ... ಅವನು ಅವಳೊಂದಿಗೆ ಆಡಿದ ಮೊದಲ ಮಾತು ಇದು!

"ನಾನೇ..."

ಅವರ ಕುಂಗ್‌ಫು ಕಾರ್ಟೂನಿನ ಸದ್ದುಗಳೆಲ್ಲ ಅವನವೇ. ಒದೆತಕ್ಕೆ ಒದ್ದೆ ಟವೆಲ್, ಮೂಳೆ ಮುರಿಯಲು ಹಸಿ ಮೂಲಂಗಿ. ಪರದೆ ನೋಡುತ್ತ, ಪಾತ್ರಗಳ ಹೆಜ್ಜೆಗೆ ಹೆಜ್ಜೆ ಕೂಡಿಸಿ ತಾನೇ ನಡೆದು ರೆಕಾರ್ಡ್ ಮಾಡುತ್ತಿದ್ದ.

"ಆಮೆ ಹೆಜ್ಜೆ ಹಿಡಿಯೋಕೆ ಇಪ್ಪತ್ತು ಸಲ ನಡೆದೆ. ಹಂದಿಗೆ ಮೂವತ್ತು. ಈ ಕೊಕ್ಕರೆ ಗುರು ಇದಾನಲ್ಲ, ಮೊದಲ ಸಲಕ್ಕೇ ಸರಿಹೋಯ್ತು. ಸುಮ್ಮನೆ ನಡೆದೆ, ಅಷ್ಟೇ!"

ಅವನ ಎಡಗಾಲು ಚಿಕ್ಕಂದಿನಿಂದಲೂ ಎಳೆಯುತ್ತಿತ್ತು. ಟಕ್... ಸರ್ರ್... ಟಕ್.

ಅವಳು ಪೆನ್ಸಿಲ್ ಕೆಳಗಿಟ್ಟಳು.

"ನಗಿಸೋ ಸಿನಿಮಾಗೆ ನನ್ನ ಕಾಲೇ ಬೇಕಿತ್ತಾ? ಶಾಲೇಲಿ ಹುಡುಗರು ನನ್ನ ಹಿಂದೆ ಸಾಲಾಗಿ ಹೀಗೇ ನಡೀತಿದ್ರು."

'ಅಯ್ಯೋ, ಹಾಗಲ್ಲ!' ಅವಳು ಎದ್ದು ನಿಲ್ಲುವಷ್ಟರಲ್ಲಿ ಅವನು ಮುಂದುವರಿಸಿದ.

"ನಾಳೆ ಮಕ್ಕಳಿಗೆ ತೋರಿಸ್ತಾರಲ್ಲ? ಆ ನಡಿಗೆಗೆ ನಕ್ಕರು ಅಂದ್ರೆ, ನಾಡಿದ್ದಿನಿಂದ ನಾನಿಲ್ಲಿ ಇರಲ್ಲ."

ಮರುದಿನ ಬೆಳಗ್ಗೆ ಇನ್ನೂರು ಮಕ್ಕಳು. ಅವಳು ಕೊನೆಯ ಸಾಲಿನಲ್ಲಿ, ಅವನು ಬಾಗಿಲ ಪಕ್ಕದಲ್ಲಿ.

ಪರದೆಯ ಮೇಲೆ ಕಿತ್ತಳೆ ಮೋಡಗಳು, ಶಾಯಿನೀಲಿ ಬೆಟ್ಟಗಳು. ಆಮೆ ಗಾಳಿಗೆ ಒದ್ದು ತಾನೇ ಬುಗುರಿಯಾಯಿತು. ಹಂದಿ ಬಾಗಿ ನಮಸ್ಕರಿಸಿದಾಗ ಚಡ್ಡಿ ಜಾರಿತು. ಮಕ್ಕಳು ಬಿದ್ದು ಬಿದ್ದು ನಕ್ಕರು.

ಒಂದೊಂದು ನಗೆಗೂ ಅವಳು ಬಾಗಿಲ ಕಡೆ ತಿರುಗಿ ನೋಡಿದಳು. 'ಇಷ್ಟೊಂದು ನಗಬೇಡ್ರೋ... ಈಗ ಗುರು ಬರ್ತಾನೆ!'

ಪರದೆ ಪೂರ್ತಿ ಹಿಮವಾಯಿತು. ಕೆಂಪು ನಿಲುವಂಗಿಯ ಕೊಕ್ಕರೆ ಒಂಟಿಯಾಗಿ ಮೆಟ್ಟಿಲಿಳಿಯಿತು.

ಟಕ್... ಸರ್ರ್... ಟಕ್.

ಯಾರೂ ನಗಲಿಲ್ಲ.

ಶತ್ರುಗಳ ಹನ್ನೆರಡು ಖಡ್ಗಗಳು ಮುಂದಿನ ಹೆಜ್ಜೆಗೆ ಕಾದು ಎರಗಿದವು. ಆ ಹೆಜ್ಜೆ ಅವು ಎಣಿಸಿದ ಕ್ಷಣಕ್ಕೆ ಬೀಳಲೇ ಇಲ್ಲ! ಹನ್ನೆರಡೂ ಒಂದಕ್ಕೊಂದು ಬಡಿದು ಉರುಳಿದವು. ಶಿಳ್ಳೆಯೋ ಶಿಳ್ಳೆ!

ಅವಳು ಉಸಿರು ಬಿಟ್ಟಳು. ಆದರೆ ಹೊರಗೆ ಬಂದರೆ... ಮಕ್ಕಳು ಸಾಲಾಗಿ ಎಡಗಾಲು ಎಳೆದುಕೊಂಡು ನಡೆಯುತ್ತಿದ್ದರು. ಅವನ ಕಣ್ಣೆದುರೇ!

ಅವನ ಮುಖ ಬಿಳಿಚಿಕೊಂಡಿತ್ತು.

"ಏಯ್, ನಾನು ಗುರು! ನೀನು ಹಂದಿ ಆಗು!"

"ನಿಮ್ಮಪ್ಪ ಆಗ್ಲಿ ಹಂದಿ! ನಿನಗೆ ಕಾಲು ಎಳೆಯೋಕೇ ಬರಲ್ಲ. ನನ್ನ ನೋಡು!"

ಅವನು ನೋಡುತ್ತಲೇ ನಿಂತ. ತುಟಿ ಅದುರಿತು.

"ಇಬ್ಬರಿಗೂ ಬರಲ್ಲ," ಅಂದ ಮೆಲ್ಲಗೆ. ಆಮೇಲೆ... ನಕ್ಕೇಬಿಟ್ಟ!

ಅವಳ ಕಣ್ಣು ತುಂಬಿ ಬಂತು. "ನಗಿಸೋಕೆ ಬಿಡಿಸಲಿಲ್ಲ. ಕಾರಿಡಾರಲ್ಲಿ ಆ ಸದ್ದು ಬಂದ್ರೆ ಸಾಕು, ನನ್ನ ಪೆನ್ಸಿಲ್ ನಿಂತುಹೋಗುತ್ತೆ. ಎರಡು ವರ್ಷದಿಂದ... ಮಾತಾಡಿಸೋ ಧೈರ್ಯ ಬರಲಿಲ್ಲ. ನಿಮ್ಮನ್ನ ಕೇಳಬೇಕಿತ್ತು. ತಪ್ಪಾಯ್ತು."

ಅವನು ಮಕ್ಕಳ ಸಾಲಿನಿಂದ ಅವಳತ್ತ ತಿರುಗಿದ.

"ಗುರುಗೆ ಜೊತೆ ಯಾರೂ ಇಲ್ವಾ?"

"ಬಿಡಿಸೋಕಾಗಲಿಲ್ಲ. ಜೊತೆಯವಳು ಹೇಗೆ ನಡೀತಾಳೋ ಗೊತ್ತಾಗಲಿಲ್ಲ."

"ಪಕ್ಕದಲ್ಲಿ ನಡೆದು ನೋಡಿ."

ಟಕ್... ಸರ್ರ್... ಟಕ್. ಅವಳ ಹೆಜ್ಜೆ ಎರಡು ಸಲ ತಪ್ಪಿತು.

"ಸರಿಹೋಗ್ತಿಲ್ಲ..."

"ಆಮೆಗೇ ಇಪ್ಪತ್ತು ಸಲ ನಡೆದವನು ನಾನು." ಅವನು ಕೈ ಚಾಚಿದ. "ಬನ್ನಿ, ಇನ್ನೊಂದ್ಸಲ."