ಕೆಂಪೇರಿದ ನೂರು ಕಾಡತೂಸು

"ನಾನು ಸಹಿ ಹಾಕುದಿಲ್ಲ ಸತ್ಯಭಾಮಕ್ಕ. ಕೆಲಸ ಹೋದ್ರೆ ಹೋಗ್ಲಿ. ಮಾಡದ ತಪ್ಪನ್ನು ಮಾಡಿದ್ದೇನೆ ಅಂತ ಮಾತ್ರ ಬರ್ಕೊಡುದಿಲ್ಲ."

ಲೋಲಾಕ್ಷಿ ಪತ್ರವನ್ನು ಮಲ್ಲಿಕಾಳ ಮನೆಯ ಟೀಪಾಯಿಯ ಮೇಲೆ ಕುಕ್ಕಿದಳು. ಚಹಾ ತಂದ ಮಲ್ಲಿಕಾಗೆ ಅವಳು ಆಗಲೇ ಹಿಡಿಸಿಬಿಟ್ಟಳು. ಡೊಂಬಿವಲಿಯ ಆ ಕಟ್ಟಡದಲ್ಲಿ ಮಲ್ಲಿಕಾ ಸತ್ಯಭಾಮಾರ ಎದುರು ಮನೆಯವಳು, ಅವರ ಎಲ್ಲ ಪತ್ತೇದಾರಿಗೂ ಜೊತೆಗಾತಿ. ಅಂಬರನಾಥದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೋಹದ ತಪಾಸಣೆ ಮಾಡಿ ನಿವೃತ್ತರಾಗಿದ್ದ ಸತ್ಯಭಾಮಾ ಅಳುವವರಿಗಿಂತ ಜಗಳಾಡುವವರ ಮಾತನ್ನೇ ಕಿವಿಗೊಟ್ಟು ಕೇಳುತ್ತಿದ್ದರು.

ಸಂಗತಿ ಇಷ್ಟು. ಕಲ್ಯಾಣದ ರೈಫಲ್ ಕ್ಲಬ್ಬಿಗೆ ಬಳಸಿದ ಕಾಡತೂಸುಗಳನ್ನು, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆ ಕೊಳವೆಗಳನ್ನು, ತೊಳೆದು ಮತ್ತೆ ಮದ್ದು ತುಂಬುವ ಪರವಾನಗಿ ಇತ್ತು. ತೊಳೆಯುವ ಕೆಲಸ ಹನ್ನೆರಡು ವರ್ಷಗಳಿಂದ ಲೋಲಾಕ್ಷಿಯದು. ಈಗ ಕಾರ್ಯದರ್ಶಿ ಮೋಹನದಾಸರು ಯಂತ್ರ ಕೊಳ್ಳಲು ಹೊರಟಿದ್ದರು. ಶಬ್ದತರಂಗದಿಂದ ತೊಳೆಯುವ ತೊಟ್ಟಿ ತೀರಾ ಚಿಕ್ಕದಾಯಿತೆಂದು ಮೊದಲೇ ಕೈಬಿಟ್ಟರು. ಉಳಿದದ್ದು ಎರಡು. ಒಂದು, ಅಕ್ರೋಟ್ ಚಿಪ್ಪಿನ ತರಿಯಲ್ಲಿ ಕಾಡತೂಸುಗಳನ್ನು ಗಡಗಡ ಅಲುಗಿಸುವ ಒಣ ಯಂತ್ರ. ಅದನ್ನು ಮಾರಲು ಬಂದವನು ನೆರೂಳದ ಹೋಟೆಲ್ ಮನೆತನದ ಯೋಗೀಶ್. ಇನ್ನೊಂದು, ನೀರು, ಸಾಬೂನು ಮತ್ತು ಸಣ್ಣ ಉಕ್ಕಿನ ಕಡ್ಡಿಗಳ ಜೊತೆ ತಿರುಗುವ ಡ್ರಮ್ಮು. ಒಣ ತರಿಯ ಧೂಳಿನಲ್ಲಿ ಸೀಸ ಇರುತ್ತದೆ, ಅದನ್ನು ಉಸಿರಾಡಬೇಕಾದವಳು ನಾನು, ಡ್ರಮ್ಮೇ ಬೇಕು ಎಂದು ಲೋಲಾಕ್ಷಿ ಹಟ ಹಿಡಿದಿದ್ದಳು.

ಶನಿವಾರ ಪರೀಕ್ಷೆ ನಡೆಯಿತು. ಒಂದೇ ರಾಶಿಯಿಂದ, ಪರೀಕ್ಷೆಗೆಂದು ತರಿಸಿದ ಡ್ರಮ್ಮಿಗೆ ಹಾಕಲು ಲೋಲಾಕ್ಷಿಗೆ ನೂರು, ಒಣ ಯಂತ್ರಕ್ಕೆ ಹಾಕಲು ಯೋಗೀಶನಿಗೆ ನೂರು. ಲೋಲಾಕ್ಷಿ ತನ್ನ ತಟ್ಟೆಯನ್ನು ಒಣಗಲು ಬಟ್ಟೆ ಮುಚ್ಚಿಟ್ಟು ಊಟಕ್ಕೆ ಹೋದಳು. ಮೋಹನದಾಸರೂ ಯೋಗೀಶನೂ ಅಲ್ಲೇ ಓಡಾಡಿಕೊಂಡಿದ್ದರು. ಬಂದು ಬಟ್ಟೆ ಸರಿಸಿದರೆ ಕಾಡತೂಸುಗಳೆಲ್ಲ ತಾಮ್ರದ ಹಾಗೆ ಕೆಂಪು! ಯೋಗೀಶನ ತಟ್ಟೆ ಮಾತ್ರ ಫಳಫಳ. ಕ್ಲಬ್ಬಿನ ಹಿತ್ತಾಳೆ ದೀಪವನ್ನು ಉಜ್ಜಿ ಬೆಳಗಲೆಂದು ಅವಳು ಪಾತ್ರೆ ತೊಳೆಯುವ ಮೋರಿಯ ಬಳಿ ಇಟ್ಟಿದ್ದ ಹುಣಸೆಹಣ್ಣಿನ ಡಬ್ಬಿ ಅರ್ಧ ಖಾಲಿಯಾಗಿತ್ತು.

ಹಳೇ ಚಾಳಿ ಬಿಡದೆ ಡ್ರಮ್ಮಿಗೆ ಹುಳಿ ಹಾಕಿದ್ದಾಳೆ ಎಂದ ಯೋಗೀಶ್. ಮೋಹನದಾಸರು ನಂಬಿಬಿಟ್ಟರು. ಹುಳಿಯಲ್ಲಿ ನೆನೆದು ಸತ್ವ ಕಳೆದುಕೊಂಡ ಹಿತ್ತಾಳೆ ಬಂದೂಕಿನೊಳಗೇ ಸೀಳಬಹುದು, ಜನರ ಜೀವದ ಪ್ರಶ್ನೆ, ಸೋಮವಾರದೊಳಗೆ ತಪ್ಪೊಪ್ಪಿಕೊಂಡು ಸಹಿ ಹಾಕು, ಇಲ್ಲವೇ ಮನೆಗೆ ಹೋಗು ಎಂದು ಇಂಗ್ಲಿಷಿನಲ್ಲಿ ಬರೆಸಿದ ಪತ್ರವನ್ನು ಕೈಗಿಟ್ಟರು.

"ದೀಪಕ್ಕೆ ಹುಳಿ ಹಚ್ಚಿ ಎಷ್ಟು ಹೊತ್ತು ಬಿಡ್ತಿ?" ಎಂದು ಸತ್ಯಭಾಮಾ ಕೇಳಿದರು.

"ಬಿಡುದೆಂತದ್ದು? ಉಜ್ಜುದು, ಕೂಡ್ಲೆ ತೊಳೆಯುದು. ಬಿಟ್ರೆ ಕೆಂಪಾಗ್ತದೆ. ಅದು ಮಕ್ಕಳಿಗೂ ಗೊತ್ತುಂಟು."

"ಎಲ್ಲಾ ಮಕ್ಕಳಿಗೆ ಗೊತ್ತಿರುದಿಲ್ಲ" ಎಂದ ಸತ್ಯಭಾಮಾ, ಎರಡು ತಟ್ಟೆಗಳೂ ಮೋಹನದಾಸರ ಕಪಾಟಿನಲ್ಲೇ ಬೀಗದೊಳಗಿವೆ ಎಂದು ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ಮಲ್ಲಿಕಾಳ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತವನ್ನು ಕಿತ್ತು ಚೀಲಕ್ಕೆ ಹಾಕಿಕೊಂಡರು. ಯಾಕೆಂದು ಕೇಳಿದರೆ ಹೇಳುವವರಲ್ಲ ಅವರು.

ಸೋಮವಾರ ಬೆಳಿಗ್ಗೆ ಕ್ಲಬ್ಬಿನಲ್ಲಿ ಎಲ್ಲರೂ ಸೇರಿದರು. ಮೋಹನದಾಸರಿಗೆ ಗಡಿಬಿಡಿ, ಯೋಗೀಶನಿಗೆ ನಗು. ಸತ್ಯಭಾಮಾ ಕೆಂಪು ಕಾಡತೂಸೊಂದನ್ನು ಎತ್ತಿ ಅದರ ಬಾಯಿಗೆ ಟಾರ್ಚು ಹಿಡಿದು ಮೋಹನದಾಸರಿಗೆ ತೋರಿಸಿದರು. ಹೊರಗೆ ಕೆಂಪು, ಒಳಗೆ ಬಾಣಲೆಯ ತಳದಷ್ಟು ಕಪ್ಪು. ಡ್ರಮ್ಮಿನ ಕಡ್ಡಿಗಳು ಒಳಕ್ಕೂ ನುಗ್ಗಿ ಉಜ್ಜುತ್ತವೆ, ಆದ್ದರಿಂದ ಇದು ಡ್ರಮ್ಮನ್ನು ಕಂಡದ್ದೇ ಅಲ್ಲ ಎಂದು ವಿವರಿಸಿದರು. ಆಮೇಲೆ ಬುಡದ ಸಣ್ಣ ತೂತಿನಿಂದ ಗುಂಡುಸೂಜಿಯಲ್ಲಿ ಏನನ್ನೋ ಕೆದಕಿ ಅಂಗೈಗೆ ಹಾಕಿಕೊಂಡರು. ನೆನೆದು ಊದಿದ ಅಕ್ರೋಟ್ ಚಿಪ್ಪಿನ ಚೂರು.

ಯೋಗೀಶನ ನಗು ಅಲ್ಲಿಗೆ ನಿಂತಿತು.

ಸತ್ಯಭಾಮಾ ಈಗ ಅವನ ಫಳಫಳ ತಟ್ಟೆಯ ಕಡೆ ತಿರುಗಿದರು. ಅಲ್ಲಿದ್ದವುಗಳ ಒಳಗೂ ಅಷ್ಟೇ ಹೊಳಪು. ಒಂದೊಂದೇ ಕಾಡತೂಸನ್ನು ಅಯಸ್ಕಾಂತದ ಮೇಲೆ ಬೋರಲಾಗಿ ತಟ್ಟಿದರು. ನಾಲ್ಕನೆಯದರಿಂದ ಒಂದು ಉಕ್ಕಿನ ಕಡ್ಡಿ ಉದುರಿ ಅಂಟಿಕೊಂಡಿತು, ಒಂಬತ್ತನೆಯದರಿಂದ ಇನ್ನೊಂದು.

"ಪಕ್ಕದ ಡ್ರಮ್ಮಿಂದ ಹಾರಿ ಬಿದ್ದಿರ್ಬಹುದು, ಅಕ್ಕ" ಎಂದ ಯೋಗೀಶ್.

"ಹಾರಿ ಬಂದು ಒಳಗೆಲ್ಲ ಉಜ್ಜಿ ಬೆಳಗಿದ್ವಾ? ನೂರಕ್ಕೆ ನೂರು ಕಾಡತೂಸನ್ನೂ?"

ಮಲ್ಲಿಕಾಗೆ ಚಪ್ಪಾಳೆ ತಟ್ಟಬೇಕೆನಿಸಿತು, ಕೈ ಕಟ್ಟಿ ಕೂತಳು. ಯೋಗೀಶ್ ತಲೆ ತಗ್ಗಿಸಿ ಎಲ್ಲ ಹೇಳಿದ. ಅವನ ಕಾಡತೂಸುಗಳು ಮಂಕಾಗಿಯೇ ಉಳಿದಿದ್ದವು. ಮನೆಯಲ್ಲಿ ಅಮ್ಮ ಹುಳಿ ಹಾಕಿ ದೀಪ ಬೆಳಗುತ್ತಿದ್ದದ್ದು ನೆನಪಾಗಿ, ಡಬ್ಬಿಯ ಹಣ್ಣನ್ನು ಬಿಸಿನೀರಿನಲ್ಲಿ ಕಿವುಚಿ ಅವುಗಳನ್ನು ಮುಳುಗಿಸಿದ. ಹೆಚ್ಚು ಹೊತ್ತು ಇಟ್ಟಷ್ಟೂ ಹೆಚ್ಚು ಹೊಳಪು ಎಂದುಕೊಂಡು ಊಟದ ಹೊತ್ತಿನ ತನಕ ಬಿಟ್ಟ. ಕೆಂಪಾದದ್ದನ್ನು ಕಂಡು ಗಾಬರಿಯಾಗಿ, ಲೋಲಾಕ್ಷಿ ಹೋಗಿ ಮೋಹನದಾಸರು ಆಚೆ ತಿರುಗಿದ ಕೂಡಲೇ ತಟ್ಟೆಗಳಲ್ಲಿದ್ದದ್ದನ್ನು ಅದಲುಬದಲು ಮಾಡಿದ.

"ಅಮ್ಮ ಹುಳಿ ಹಾಕುವುದನ್ನು ನೋಡಿದ್ದೀಯ. ಒಂದು ದಿನವಾದ್ರೂ ನೀನೇ ಬೆಳಗಿದ್ರೆ ತೊಳೆಯುವುದೂ ಗೊತ್ತಿರ್ತಿತ್ತು" ಎಂದರು ಸತ್ಯಭಾಮಾ.

ಮೋಹನದಾಸರು ಗಂಟಲು ಸರಿಮಾಡಿಕೊಂಡು, ಆದದ್ದಾಯಿತು, ಡ್ರಮ್ಮನ್ನೇ ತರಿಸೋಣ, ಆ ಪತ್ರ ಹರಿದುಬಿಡು ಎಂದು ಲೋಲಾಕ್ಷಿಗೆ ಹೇಳಿದರು. ಅವಳು ಹರಿಯಲಿಲ್ಲ. ಇಂಗ್ಲಿಷಿನಲ್ಲಿದ್ದ ಆ ಹಾಳೆಯನ್ನು ಮಗುಚಿ, ಖಾಲಿ ಬೆನ್ನು ಮೇಲೆ ಮಾಡಿ, ಅವರ ಮುಂದೆ ಇಟ್ಟು ಪೆನ್ನು ಚಾಚಿದಳು.

"ತಪ್ಪೊಪ್ಪಿಗೆ ಬೇಕಿತ್ತಲ್ಲ, ಬರೀರಿ. ನೀವು ಮೊದ್ಲು, ಆಮೇಲೆ ಅವ. ಕನ್ನಡದಲ್ಲಿ ಬರೀರಿ, ನಂಗೆ ಓದ್ಲಿಕ್ಕೆ ಬರ್ತದೆ."

ಮೋಹನದಾಸರು ಸತ್ಯಭಾಮಾರ ಮುಖ ನೋಡಿದರು. ಅವರು ಅಯಸ್ಕಾಂತವನ್ನು ಮಲ್ಲಿಕಾಗೆ ಮರಳಿಸುತ್ತಿದ್ದರು, ತಲೆ ಎತ್ತಲಿಲ್ಲ. ಮೋಹನದಾಸರು ಪೆನ್ನು ತೆಗೆದುಕೊಂಡರು. ಇಬ್ಬರೂ ಸಹಿ ಹಾಕುವ ತನಕ ಲೋಲಾಕ್ಷಿ ನಿಂತೇ ಇದ್ದಳು.